ಸಹಾಯ ಬೇಕು: ಆಫ್‌ಸೈಡ್ ಮತ್ತು ಸೋಫಾ ಕಲೆ
ಕಾರವಾರದ ಕೋಡಿಬಾಗದಿಂದ ಬರೆಯುತ್ತಿದ್ದೇನೆ. ಗೋವಾ ಪಕ್ಕದಲ್ಲೇ ಇರುವುದಕ್ಕೋ ಏನೋ, ನಮ್ಮನೆಯಲ್ಲಿ ಅತ್ತೆಯಿಂದ ಮಗನವರೆಗೆ ಎಲ್ಲರಿಗೂ ಫುಟ್‌ಬಾಲ್ ಹುಚ್ಚು. ನನ್ನೊಬ್ಬಳನ್ನು ಬಿಟ್ಟು.

2022ರ ವಿಶ್ವಕಪ್‌ನಲ್ಲಿ 64 ಪಂದ್ಯ. ಹೇಗೋ ಸಹಿಸಿಕೊಂಡೆ. 2026ಕ್ಕೆ 48 ತಂಡ, 104 ಪಂದ್ಯ ಮಾಡಿಟ್ಟಿದ್ದಾರೆ! ಅದೂ ಅಮೆರಿಕ ಕಡೆ. ಅಂದರೆ ನಮಗೆ ನಡುರಾತ್ರಿ, ಇಲ್ಲವೇ ಬೆಳಗಿನ ಜಾವ.

ನಿದ್ದೆಗೆಡುವುದು ನನಗೇನು ಹೊಸದಲ್ಲ, ಯಕ್ಷಗಾನ ನೋಡಿ ಬೆಳೆದವಳು. ಆದರೆ ಅಲ್ಲಿ ಬೆಳಗಾಗುವಷ್ಟರಲ್ಲಿ ರಾಕ್ಷಸನಾದರೂ ಸಾಯುತ್ತಾನೆ. ಇಲ್ಲಿ 90 ನಿಮಿಷ ಓಡಿ ಸೊನ್ನೆ-ಸೊನ್ನೆ! ಟಿವಿಯಲ್ಲಿ ಆಟಕ್ಕಿಂತ ಹರಟೆ ಜಾಸ್ತಿ. ಕೋಟು ಹಾಕಿದ ನಾಲ್ವರು ಮೊದಲು ಏನಾಗುತ್ತದೆ ಅಂತ ಹೇಳುತ್ತಾರೆ. ಆಮೇಲೆ ಅದೇ ನಾಲ್ವರು ಅದು ಯಾಕೆ ಆಗಲಿಲ್ಲ ಅಂತ ಹೇಳುತ್ತಾರೆ. ಸಂಬಳ ಎರಡಕ್ಕೂ ಸಿಗುತ್ತದೆ, ಅಲ್ವಾ?

ಮೊನ್ನೆ ಗೋಲು ಬಿತ್ತೆಂದು ಅತ್ತೆ ಎದ್ದು ಕುಣಿದರು. ಕೈಯಲ್ಲಿದ್ದ ಬಂಗಡೆ ಸಾರು ಸೋಫಾ ಮೇಲೆ. ಎರಡು ನಿಮಿಷ ಕಳೆದು ನೋಡಿದರೆ ಆಫ್‌ಸೈಡ್, ಗೋಲೇ ಇಲ್ಲ! ಗೋಲು ರದ್ದಾಯಿತು, ಕಲೆ ರದ್ದಾಗಲಿಲ್ಲ.

ಈ ಆಫ್‌ಸೈಡ್ ಏನೆಂದು ಅಡುಗೆಮನೆ ಭಾಷೆಯಲ್ಲಿ ಯಾರಾದರೂ ಹೇಳುತ್ತೀರಾ? ಹಾಗೇ ಬಟ್ಟೆ ಸೋಫಾದಿಂದ ಅರಿಶಿನ, ಮೆಣಸಿನ ಕಲೆ ತೆಗೆಯುವುದು ಹೇಗೆ? ನಿಂಬೆಹುಳಿ ಹಚ್ಚಿ ನೋಡಿದೆ, ಈಗ ಮೀನಿನ ವಾಸನೆಗೆ ನಿಂಬೆ ವಾಸನೆಯೂ ಸೇರಿದೆ. ಎರಡನೆಯದಕ್ಕೆ ಮೊದಲು ಉತ್ತರಿಸಿ, ಭಾನುವಾರ ನೆಂಟರು ಬರುತ್ತಾರೆ.