ಭಾವ ಕಳಿಸಿದ ಫಾರ್ವರ್ಡ್

ಭಾವ (ಫಾರ್ವರ್ಡ್): ಇನ್ನು ಆ್ಯಂಟಿವೈರಸ್ ಬೇಕಿಲ್ಲ! ವರ್ಚುವಲ್ ಆ್ಯಪ್ ಬಳಸಿ. ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಕಂಪ್ಯೂಟರಿಗೆ ಏನೂ ತಾಗುವುದಿಲ್ಲ. ಎಲ್ಲರಿಗೂ ಕಳಿಸಿ 🙏

ನಾನು: ಭಾವ, ಇದನ್ನು ನಂಬಿ ಆ್ಯಂಟಿವೈರಸ್ ತೆಗೆದುಬಿಟ್ಟೀರಿ.

ಭಾವ: ಶುರುವಾಯ್ತು ನೋಡಿ. ನಮ್ಮ ಆಫೀಸಿನಲ್ಲಿ ವರ್ಷಗಟ್ಟಲೆ ಆ್ಯಪ್-ವಿ, ಅದೇ ಮೈಕ್ರೋಸಾಫ್ಟಿನ ವರ್ಚುವಲ್ ಆ್ಯಪ್ ವ್ಯವಸ್ಥೆ, ಇತ್ತು ಮಾರಾಯ, ಒಂದು ದಿನ ವೈರಸ್ ಬರಲಿಲ್ಲ.

ನಾನು: ಆ್ಯಪ್-ವಿ ಹಾಕಿದ್ದು ವೈರಸ್ ತಡೆಯಲಿಕ್ಕಲ್ಲ. ಕೆಲವು ಸಾಫ್ಟ್‌ವೇರ್ ಓಡಲಿಕ್ಕೆ ಜಾವಾ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಬೇಕು. ಒಂದಕ್ಕೆ ಹಳೇ ಜಾವಾ ಬೇಕು, ಇನ್ನೊಂದಕ್ಕೆ ಹೊಸದು, ಎರಡೂ ಒಂದೇ ಮಷೀನಿನಲ್ಲಿ ಕಿತ್ತಾಡಬಾರದು ಅಂತ ಒಂದೊಂದನ್ನೂ ಒಂದೊಂದು ಗುಳ್ಳೆಯೊಳಗೆ ಇಡುತ್ತಾರೆ. ಒಳಗಿನ ಸಾಫ್ಟ್‌ವೇರ್ ತಾನು ರಿಜಿಸ್ಟ್ರಿಗೆ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಡುವ ಜಾಗಕ್ಕೆ, ಬರೆದೆ ಅಂದುಕೊಳ್ಳುತ್ತದೆ, ಬರೆದದ್ದು ಗುಳ್ಳೆಯೊಳಗಿನ ನಕಲಿಗೆ.

ಪುಟ್ಟಿ: ಹಾಗಾದರೆ ವೈರಸ್ ಬರೆದದ್ದೂ ನಕಲಿಗೇ ಹೋಗುತ್ತದಲ್ಲ ಮಾಮ?

ನಾನು: ಬರೆದದ್ದು ಹೋಗುತ್ತದೆ, ಅದೂ ಎಲ್ಲ ಕಡೆ ಅಲ್ಲ. ಓದುವುದಕ್ಕೆ ಏನು ತಡೆ? ಪ್ರೋಗ್ರಾಂ ಓಡುವುದು ನಿನ್ನ ಹೆಸರಿನಲ್ಲೇ, ನೀನು ತೆರೆಯಬಹುದಾದ ಫೈಲನ್ನೆಲ್ಲ ಅದೂ ತೆರೆಯಬಹುದು, ನೆಟ್ ಇದ್ದರೆ ಹೊರಗೂ ಕಳಿಸಬಹುದು. ವಿಎಂವೇರ್ ಕಂಪನಿ ತಂದ ಥಿನ್‌ಆ್ಯಪ್ ಅನ್ನುವ ಇಂಥದ್ದೇ ವ್ಯವಸ್ಥೆಯಲ್ಲಂತೂ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರುಗಳನ್ನು ಬೇಕಂತಲೇ ಗುಳ್ಳೆಯ ಹೊರಗೆ ಬಿಟ್ಟಿರುತ್ತಾರೆ, ಇಲ್ಲದಿದ್ದರೆ ನೀನು ಸೇವ್ ಮಾಡಿದ್ದು ನಿನಗೇ ಸಿಗುವುದಿಲ್ಲ. ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ರಾನ್ಸಮ್‌ವೇರಿಗೆ ಬೇಕಾದದ್ದೂ ಅವೇ ಫೋಲ್ಡರುಗಳು.

ಚಿಕ್ಕಪ್ಪ: ಅಂದರೆ ಉಪಯೋಗವೇ ಇಲ್ಲ ಅಂತೀಯಾ?

ನಾನು: ಹಾಗಲ್ಲ ಚಿಕ್ಕಪ್ಪ. ಸಾಫ್ಟ್‌ವೇರ್ ಬೇಕು ಅಂದವರಿಗೆಲ್ಲ ಅಡ್ಮಿನ್ ಪಾಸ್‌ವರ್ಡ್ ಕೊಡಬೇಕಾಗಿಲ್ಲ, ಹಾಗಾಗಿ ಮಷೀನಿನ ಬುಡಕ್ಕೆ ಇಳಿಯುವ ಮಾಲ್‌ವೇರಿಗೆ ಕಷ್ಟ ಜಾಸ್ತಿ. ಬೇಡ ಅಂದಾಗ ತೆಗೆದುಹಾಕುವುದೂ ಸುಲಭ. ಅಷ್ಟು ಒಪ್ಪುತ್ತೇನೆ.

ಭಾವ: ಒಪ್ಪಿದೆಯಲ್ಲ! ಎಲ್ಲರೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ 😄

ಅಕ್ಕ: ಇಬ್ಬರೂ ಫೋನ್ ಮಾಡಿ ಜಗಳ ಆಡಬಾರದಾ? ಒಂದೇ ಸಮ ಟಣ್ ಟಣ್ ಅಂತಿದೆ.

ನಾನು: ಒಂದು ನಿಮಿಷ ಅಕ್ಕ. ಆ ಹಳೇ ಜಾವಾ ಇದೆಯಲ್ಲ, ಮಷೀನಿನ ಜಾವಾ ಅಪ್‌ಡೇಟ್ ಮಾಡಿದರೂ ಅದು ಗುಳ್ಳೆಯೊಳಗೆ ಹಾಗೇ ಕೂತಿರುತ್ತದೆ. ಪ್ಯಾಕೇಜನ್ನೇ ಮತ್ತೆ ಕಟ್ಟಬೇಕು, ಕಟ್ಟುವವರು ಯಾರು? 2021ರ ಡಿಸೆಂಬರಿನಲ್ಲಿ ಎಷ್ಟೋ ಜಾವಾ ಸಾಫ್ಟ್‌ವೇರುಗಳು ಒಳಗೆ ಇಟ್ಟುಕೊಂಡಿದ್ದ ಲಾಗ್4ಜೆ ಅನ್ನುವ ತುಣುಕಿನಲ್ಲಿ ತೂತು ಗೊತ್ತಾದಾಗ ತಲೆನೋವಾಗಿದ್ದೂ ಇದೇ, ಯಾವ ಸಾಫ್ಟ್‌ವೇರಿನ ಹೊಟ್ಟೆಯಲ್ಲಿ ಆ ತುಣುಕಿನ ಪ್ರತಿ ಇದೆ ಅಂತ ಒಂದೊಂದನ್ನೇ ಬಿಚ್ಚಿ ಹುಡುಕಬೇಕಾಯಿತು.

ಭಾವ: ಸರಿ, ಆದರೂ ಗೋಡೆ ಅಂತ ಒಂದಿದೆ ಅಲ್ವಾ?

ನಾನು: ಗೋಡೆ ಕಳ್ಳನಿಗೂ ಮರೆಯಾಗುತ್ತದೆ ಭಾವ. 2020ರಲ್ಲಿ ರಾಗ್ನರ್ ಲಾಕರ್ ಅನ್ನುವ ರಾನ್ಸಮ್‌ವೇರ್ ಗುಂಪು ಮಾಡಿದ್ದು ಅದನ್ನೇ. ಅದು ಆ್ಯಪ್ ಗುಳ್ಳೆಯಲ್ಲ, ಇಡೀ ವರ್ಚುವಲ್ ಮಷೀನ್, ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಇದ್ದ ಹಾಗೆ. ಅದನ್ನು ಓಡಿಸುವ ವರ್ಚುವಲ್‌ಬಾಕ್ಸ್ ಸಾಫ್ಟ್‌ವೇರ್, ಅದರೊಳಗೆ ವಿಂಡೋಸ್ ಎಕ್ಸ್‌ಪಿ, ಅದರೊಳಗೆ 49 ಕೆಬಿಯ ರಾನ್ಸಮ್‌ವೇರ್, ಇಷ್ಟಕ್ಕೆ 122 ಎಂಬಿ ಇನ್‌ಸ್ಟಾಲರ್! ಹೊರಗಿನ ನಿಜವಾದ ಕಂಪ್ಯೂಟರಿನ ಡ್ರೈವುಗಳನ್ನೆಲ್ಲ ಒಳಗೆ ಹಂಚಿಕೊಂಡು ಅಲ್ಲಿಂದಲೇ ಫೈಲುಗಳನ್ನು ಲಾಕ್ ಮಾಡಿತು. ಹೊರಗೆ ಕಾಯುತ್ತಿದ್ದ ಆ್ಯಂಟಿವೈರಸ್ಸಿಗೆ ಕಂಡದ್ದು ವರ್ಚುವಲ್‌ಬಾಕ್ಸ್ ಏನೋ ಬರೆಯುತ್ತಿದೆ ಅಂತ ಅಷ್ಟೇ.

ಪುಟ್ಟಿ: ಅಯ್ಯೋ 😳

ಚಿಕ್ಕಪ್ಪ: ಅನುಮಾನ ಬಂದ ಫೈಲ್ ತೆರೆಯಲೇಬೇಕಾದರೆ?

ನಾನು: ವಿಂಡೋಸ್ ಪ್ರೊ ಇದ್ದರೆ ವಿಂಡೋಸ್ ಸ್ಯಾಂಡ್‌ಬಾಕ್ಸ್ ಇದೆ, 2019ರಲ್ಲಿ ಬಂದದ್ದು, ಹೋಮ್‌ನಲ್ಲಿ ಇಲ್ಲ. ಅದರ ಕರ್ನೆಲ್ಲೇ, ಅಂದರೆ ವಿಂಡೋಸಿನ ತಿರುಳೇ, ಬೇರೆ, ಮುಚ್ಚಿದರೆ ಒಳಗಿದ್ದದ್ದೆಲ್ಲ ಹೋಯಿತು. ನಿಮ್ಮ ಫೋಲ್ಡರ್ ಮಾತ್ರ ಅದಕ್ಕೆ ಹಂಚಬೇಡಿ, ಒಳಗೆ ಕೂತು ಎಲ್ಲಿಗೂ ಲಾಗಿನ್ ಆಗಬೇಡಿ.

ಭಾವ: ಒಂದು ಕೇಳುತ್ತೇನೆ, ಬೈಬೇಡ. ಆ ಫಾರ್ವರ್ಡಿನ ಜೊತೆ ಒಂದು ಲಿಂಕ್ ಬಂದಿತ್ತು. ಸುಮ್ನೆ ನೋಡೋಣ ಅಂತ ಪಿಡಿಎಫ್ ಎಡಿಟರ್ ಇಳಿಸಿ ಬೆಳಿಗ್ಗೆ ಓಡಿಸಿದೆ.

ಅಕ್ಕ: ಏನ್ರೀ!!

ನಾನು: ಮೊದಲು ಆ ಲ್ಯಾಪ್‌ಟಾಪಿನ ನೆಟ್ ತೆಗೆಯಿರಿ. ಫೋನಿನಿಂದ ಮೇಲ್, ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯಿಂದ ಲಾಗ್‌ಔಟ್ ಒತ್ತಿ.

ಭಾವ: ಆ ಎಡಿಟರಿನ ಫೋಲ್ಡರ್ ಅಳಿಸಿದ್ದೇನೆ, ಸಾಕಲ್ವಾ?

ನಾನು: ಆಗಲೇ ಹೊರಗೆ ಹೋದದ್ದು ಅಳಿಸಿದರೆ ವಾಪಸ್ ಬರುತ್ತದಾ? ಪಾಸ್‌ವರ್ಡ್ ಮೊದಲು. ಸಂಜೆ ಬಂದು ಪೂರ್ತಿ ಸ್ಕ್ಯಾನ್ ಮಾಡುತ್ತೇನೆ.

ಚಿಕ್ಕಪ್ಪ: ಆ ಫಾರ್ವರ್ಡ್ ಗುಂಪಿನಿಂದ ತೆಗೆಯಿರಿ ಮೊದಲು.

ಪುಟ್ಟಿ: ಮಾಮ... ಅಪ್ಪ ಕಳಿಸಿದ್ದು ಅಂತ ನಾನು ಅದನ್ನು ನಮ್ಮ ಕ್ಲಾಸ್ ಗುಂಪಿಗೂ ಹಾಕಿಬಿಟ್ಟಿದ್ದೇನೆ.