ದನಿ ತಗ್ಗಿದೆ, ಮುಂದೇನು?

ಪ್ರಶ್ನೆ: ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವಂಥ ಮಾನಸಿಕ ಕಾಯಿಲೆ) ಅಂತ ಡಾಕ್ಟರು ಬರೆದು ವರ್ಷವಾಯಿತು. ಮಾತ್ರೆಯಿಂದ ಕಿವಿಯಲ್ಲಿನ ದನಿ ತಗ್ಗಿದೆ. ಬೆಳಿಗ್ಗೆ ಏಳುವುದು ಯಾತಕ್ಕೆ ಅನ್ನುವುದೇ ತಿಳಿಯುತ್ತಿಲ್ಲ. ನೀವೆಲ್ಲ ಏನು ಹಿಡಿದುಕೊಂಡಿರಿ?

ತೋಟದವ: ಕೆಲಸ. ನರ್ಸರಿಯಲ್ಲಿ ಚೀಲಕ್ಕೆ ಮಣ್ಣು ತುಂಬುವಂಥದ್ದು. ಗಿರಾಕಿ ಜೊತೆ ಮಾತಿಲ್ಲ, ಮಾಡಿದ್ದು ಕಣ್ಣೆದುರು ಸಾಲಾಗಿ ನಿಂತಿರುತ್ತದೆ. ಮೊದಲು ದಿನಕ್ಕೆ ಒಂದೇ ಗಂಟೆ, ಒಂದೇ ಹೊತ್ತಿಗೆ. ರಾತ್ರಿ ಒಲಾಂಜಪಿನ್ ಅನ್ನುವ ಈ ಕಾಯಿಲೆಯ ಮಾತ್ರೆ ನುಂಗುವವರಿಗೆ ಬೆಳಿಗ್ಗೆ ತಲೆ ಭಾರ, ಹತ್ತರ ಮೇಲೆ ಶುರು ಮಾಡಿ. ಆತುರಪಟ್ಟು ಪೂರ್ತಿ ಪಾಳಿ ಒಪ್ಪಿಕೊಂಡರೆ ನಿದ್ದೆ ಹೋಯಿತು. ನಿದ್ದೆ ಹೋದರೆ ದನಿ ವಾಪಸ್.

ಕ್ಲೋಜಪಿನ್ ಮನೆ: ಹೇಳುವುದು ಸುಲಭ ಸ್ವಾಮಿ. ನಮ್ಮ ಮನೆಯಲ್ಲಿ, ಬೇರೆ ಮಾತ್ರೆ ನಾಟದಾಗ ಕೊಡುವ ಕ್ಲೋಜಪಿನ್; ಅದು ಬಿಳಿ ರಕ್ತಕಣ ಇಳಿಸಬಹುದು. ಕ್ಲೋಜಪಿನ್‌ಗೆ ಮೊದಲ 18 ವಾರ ವಾರವಾರ ರಕ್ತಪರೀಕ್ಷೆ, ಆಮೇಲೂ ಆಗಾಗ. ಲ್ಯಾಬ್ ಬಿಲ್ಲಿಗಿಂತ ಬಸ್ ಚಾರ್ಜು, ಕಳೆದುಹೋದ ಕೂಲಿಯೇ ಹೆಚ್ಚು. ಯಾವ ನರ್ಸರಿಯವ ಅಷ್ಟು ರಜೆ ಕೊಡುತ್ತಾನೆ? ಜ್ವರ, ಗಂಟಲುನೋವು ಬಂದರೆ ಅವತ್ತೇ ಬಿಳಿ ರಕ್ತಕಣ ಎಣಿಸಬೇಕು. ಮಲಬದ್ಧತೆ ಕಡೆಗಣಿಸಿದರೆ ಕರುಳು ಸ್ತಬ್ಧವಾಗಿ ಜೀವಕ್ಕೇ ಬರುತ್ತದೆ. 48 ಗಂಟೆ ಮೀರಿ ತಪ್ಪಿದರೆ ಹಳೇ ಡೋಸ್ ನುಂಗಕೂಡದು, ಡಾಕ್ಟರನ್ನು ಕೇಳಿ 12.5 ಮಿ.ಗ್ರಾಂನಿಂದ ಮತ್ತೆ ಏರಿಸಬೇಕು.

ಕಾರ್ಡ್ ಪರ: ಮೊದಲು ಯುಡಿಐಡಿ, ಅಂದರೆ ಸರ್ಕಾರದ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿ. 2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಇದೆ. ಅಂಗವೈಕಲ್ಯ 40 ಪರ್ಸೆಂಟ್ ಅಥವಾ ಹೆಚ್ಚಿದ್ದರೆ ಸರ್ಕಾರಿ ನೌಕರಿಯ ಮೀಸಲಿಗೆ ಅರ್ಜಿ ಹಾಕಬಹುದು. ಆ ಪರ್ಸೆಂಟ್ ಲೆಕ್ಕ ಹಾಕುವ ಐಡಿಯಾಸ್ ಅಳತೆಯಲ್ಲಿ ನೋಡುವುದು ನಾಲ್ಕು: ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತುಕತೆ ಮತ್ತು ಗ್ರಹಿಕೆ, ಕೆಲಸ. ಕಾಯಿಲೆಗೆ ಎಷ್ಟು ವರ್ಷವಾಯಿತು ಅನ್ನುವುದಕ್ಕೂ ಅಂಕ. ಕೆಡುವುದು ಎಲ್ಲಿ ಅಂದರೆ, ಪರೀಕ್ಷಿಸುವ ವೈದ್ಯರ ಬೋರ್ಡಿನ ಮುಂದೆ ಅಮ್ಮ ಮಾನಕ್ಕಂಜಿ "ಎಲ್ಲಾ ತಾನೇ ಮಾಡ್ಕೋತಾನೆ" ಅಂದುಬಿಡುತ್ತಾರೆ. ಸ್ನಾನಕ್ಕೆ ಎಷ್ಟು ಸಲ ಕರೆಯಬೇಕು ಅನ್ನುವುದನ್ನೂ ಬರೆದುಕೊಂಡು ಹೋಗಿ.

ತೋಟದವ: ಬದುಕಿಗೆ ಅರ್ಥ ಕೇಳಿದವರ ಕೈಗೆ ಪರ್ಸೆಂಟೇಜ್ ಕೊಡುತ್ತೀರಲ್ಲ!

ಕಾರ್ಡ್ ಪರ: ನಿಮಗೆ ಮಣ್ಣು ಇದೆ, ಹೇಳುತ್ತೀರಿ. ಬಾಡಿಗೆ ಮನೆಯವರಿಗೆ?

ಬೀಡಿ ಬಿಟ್ಟವ: ಕ್ಲೋಜಪಿನ್‌ನವರು ಒಂದು ಮರೆತರು. ಬೀಡಿ ಬಿಟ್ಟರೆ ರಕ್ತದಲ್ಲಿ ಔಷಧ ಏರುತ್ತದೆ, ಮಂಪರು, ಫಿಟ್ಸ್ ಕೂಡ ಬರಬಹುದು. ಕಾರಣ ಹೊಗೆ, ನಿಕೋಟಿನ್ ಅಲ್ಲ. ನಿಕೋಟಿನ್ ಗಮ್ ಅಗಿದರೂ ಡೋಸ್ ಇಳಿಸಬೇಕಾಗಬಹುದು. ಬಿಡುವ ಮೊದಲೇ ಡಾಕ್ಟರಿಗೆ ಹೇಳಿ.

ಕ್ಲೋಜಪಿನ್ ಮನೆ: ಮರೆತಿಲ್ಲ, ಇಲ್ಲಿ ಯಾರೂ ಬೀಡಿ ಸೇದಲ್ಲ. ಎಲೆಅಡಿಕೆ ಅಷ್ಟೇ.

ಬೀಡಿ ಬಿಟ್ಟವ: ಅಡಿಕೆಯೂ ಅತಿಯಾದರೆ, ಈ ಕಾಯಿಲೆಯ ಔಷಧದಿಂದಾಗುವ ಕೈಕಾಲು ಬಿಗಿತಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್‌ಗೆ ಎದುರು ನಿಲ್ಲುತ್ತದೆ. ಡಿಪೋ (ವಾರಗಟ್ಟಲೆ ಕೆಲಸ ಮಾಡುವ) ಇಂಜೆಕ್ಷನ್ ಇದ್ದವರು ಬಿಗಿದುಕೊಂಡದ್ದು ವೈದ್ಯಕೀಯ ವರದಿಗಳಲ್ಲೇ ಇದೆ.

ತೋಟದವ: ಈಗ ಅಡಿಕೆ ಮೇಲೂ ಬಂದಿರಾ? ತೀರ್ಥಹಳ್ಳಿ ಕಡೆ ಬಂದು ಈ ಮಾತು ಹೇಳಿ ನೋಡೋಣ.