ಗೈರಾಣದ ಚಿಗರಿಗಳು (ಕೃಷ್ಣಮೃಗಗಳು) ಕಡಿಮೆಯಾದದ್ದಕ್ಕೆ ಹವಾಮಾನವೇ ಕಾರಣವೇ? ವನ್ಯಜೀವಿ ವೈದ್ಯರೊಂದಿಗೆ ಪ್ರಶ್ನೋತ್ತರ

ಔರಾದದ ಸದಸ್ಯ: ನಮ್ಮೂರ ಗೈರಾಣದಲ್ಲಿ, ಅಂದರೆ ಗೋಮಾಳದಲ್ಲಿ, ಆರು ವರ್ಷಗಳ ಹಿಂದೆ 38 ಚಿಗರಿಗಳನ್ನು ಎಣಿಸಿದ್ದೆ. ಈ ಬೇಸಿಗೆಯಲ್ಲಿ ಕಂಡದ್ದು 11 ಮಾತ್ರ. ಸತ್ತದ್ದು ಒಂದೂ ಸಿಕ್ಕಿಲ್ಲ. ಎಲ್ಲರೂ ಹವಾಮಾನ ಬದಲಾವಣೆ ಎನ್ನುತ್ತಾರೆ. ಆದರೆ ಹತ್ತು ಕಿಲೋಮೀಟರ್ ಆಚೆಯ ಹಿಂಡು ಮೊದಲಿನಷ್ಟೇ ಇದೆ ಎಂದು ಕುರಿಗಾಹಿಗಳು ಹೇಳುತ್ತಾರೆ.

ವೈದ್ಯರು: ಆ 11ರಲ್ಲಿ ಮರಿಗಳೆಷ್ಟು?

ಔರಾದದ ಸದಸ್ಯ: ಒಂದೂ ಇರಲಿಲ್ಲ. ಕಪ್ಪು ಗಂಡು ಒಂದು, ಉಳಿದವೆಲ್ಲ ಹೆಣ್ಣು.

ವೈದ್ಯರು: ಇದು ನನ್ನನ್ನು ಚಿಂತೆಗೀಡುಮಾಡುವ ಸಂಗತಿ. ಬಿಸಿಲೂ ಮಳೆಯೂ ಎರಡೂ ಹಿಂಡುಗಳಿಗೆ ಒಂದೇ ಆಗಿರುವಾಗ ಒಂದು ಕರಗಿ ಇನ್ನೊಂದು ಉಳಿದಿದ್ದರೆ, ಕಾರಣವನ್ನು ಆಕಾಶದಲ್ಲಿ ಹುಡುಕುವ ಮೊದಲು ನಿಮ್ಮ ಗೈರಾಣದಲ್ಲಿ ಹುಡುಕಬೇಕು. ಬರದಿಂದ ಪ್ರಾಣಿಗಳು ಸೊರಗಿದ್ದರೆ ದೊಡ್ಡವೂ ಬಡಕಲಾಗಿ ಕಾಣಬೇಕಿತ್ತು, ಕೆಲವು ಕಳೇಬರಗಳಾದರೂ ಸಿಗಬೇಕಿತ್ತು. ನೀವು ಹೇಳುವ ಹಿಂಡಿನಲ್ಲಿ ದೊಡ್ಡವು ಇವೆ, ಮರಿಗಳಿಲ್ಲ. ಚಿಗರಿ ಐದಾರು ತಿಂಗಳು ಗಬ್ಬವಿದ್ದು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಆ ಮರಿ ಮೊದಲ ದಿನಗಳಲ್ಲಿ ತಾಯಿಯ ಹಿಂದೆ ಓಡದೆ ಹುಲ್ಲಿನಲ್ಲಿ ಅಲುಗಾಡದೆ ಮಲಗಿರುತ್ತದೆ, ತಾಯಿ ದೂರದಲ್ಲಿ ಮೇಯ್ದು ಹಾಲೂಡಿಸಲು ಮಾತ್ರ ಬರುತ್ತದೆ. ಹುಲ್ಲು ಹೋದರೆ ಮರಿಗೆ ಮರೆ ಇಲ್ಲ, ಮರೆ ಇಲ್ಲದ ಮರಿ ನಾಯಿಗಳ ಪಾಲು. ಗೈರಾಣದಲ್ಲಿ ಬಳ್ಳಾರಿ ಜಾಲಿ ಎಷ್ಟು ಹಬ್ಬಿದೆ, ರಾತ್ರಿ ಎಷ್ಟು ನಾಯಿಗಳು ತಿರುಗುತ್ತವೆ ಎಂಬ ಎರಡನ್ನು ನೋಡಿ ತಿಳಿಸಿ. ಚಿಗರಿಗಳೇ ಜಾಲಿಯ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಉದುರಿಸುತ್ತವೆ, ಆ ಬೀಜ ಮುಳ್ಳಿನ ಮೆಳೆಯಾಗಿ ಬೆಳೆದ ಮೇಲೆ ಅವುಗಳಿಗೇ ಅಲ್ಲಿ ಓಡಲು ಬಯಲಿರುವುದಿಲ್ಲ.

ಹವಾಮಾನ ನಿರ್ದೋಷಿ ಎಂದು ನಾನು ಹೇಳುತ್ತಿಲ್ಲ. 2015ರಲ್ಲಿ ಕಜಾಕಸ್ತಾನದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸೈಗಾ ಎಂಬ ಹುಲ್ಲೆಗಳು ಕೆಲವೇ ವಾರಗಳಲ್ಲಿ ಸತ್ತವು. ಅವುಗಳ ಮೈಯಲ್ಲಿ ಮೊದಲೇ ಇದ್ದ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ, ಅಸಹಜ ಸೆಕೆ ಮತ್ತು ತೇವದ ದಿನಗಳಲ್ಲಿ ಮಾರಕವಾಯಿತು. ಆದರೆ ಅಲ್ಲಿ ಹೆಣಗಳು ಬಯಲು ತುಂಬ ಬಿದ್ದಿದ್ದವು.

ಹುಮನಾಬಾದದ ರೈತ: ಕಡಿಮೆಯಾಗಿವೆ ಎನ್ನುವವರು ನನ್ನ ಹೆಸರುಕಾಳಿನ ಹೊಲಕ್ಕೆ ಬಂದು ನೋಡಲಿ. ಮೊಳಕೆಯೊಡೆದ ಹೆಸರು ಬೆಳೆಯನ್ನು ಒಂದೇ ರಾತ್ರಿಯಲ್ಲಿ ಬೋಳು ಮಾಡಿವೆ. ಇದಕ್ಕೆ ಪರಿಹಾರ ಎಷ್ಟು ಸಿಗುತ್ತದೆ?

ಕಲಬುರಗಿಯ ಸದಸ್ಯೆ: ನಿಮ್ಮ ಹೊಲ ಮೊದಲು ಅವುಗಳ ಮೇವಿನ ಜಾಗವಾಗಿತ್ತು.

ಹುಮನಾಬಾದದ ರೈತ: ಅದು ನನ್ನ ಅಜ್ಜನ ಕಾಲದಿಂದ ಪಟ್ಟಾ ಜಮೀನು. ಪಟ್ಟಣದಲ್ಲಿ ಕುಳಿತು ಇತಿಹಾಸ ಹೇಳಬೇಡಿ.

ಯಾದಗಿರಿಯ ಸದಸ್ಯ: ಬಿಸಿಲಿಗೆ ಬಿದ್ದ ಜಿಂಕೆಯ ಬಾಯಿಗೆ ಬೆಲ್ಲ, ಉಪ್ಪು, ನಿಂಬೆರಸ ಬೆರೆಸಿದ ನೀರು ಸುರಿದರೆ ಹತ್ತು ನಿಮಿಷದಲ್ಲಿ ಎದ್ದು ಓಡುತ್ತದೆ ಎಂಬ ಸಂದೇಶ ಬಂದಿದೆ. ದಯವಿಟ್ಟು ಎಲ್ಲರಿಗೂ ಹಂಚಿರಿ.

ವೈದ್ಯರು: ದಯವಿಟ್ಟು ಯಾರೂ ಹಂಚಬೇಡಿ. ಬಿದ್ದ ಪ್ರಾಣಿಯ ಬಾಯಿಗೆ ಸುರಿದ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಹಿಡಿದು, ಒತ್ತಿ, ಸುತ್ತ ಜನ ಸೇರಿ ಫೋಟೊ ತೆಗೆದರೆ ಭಯಕ್ಕೂ ಸೆಣಸಾಟಕ್ಕೂ ಅದರ ಸ್ನಾಯುಗಳೇ ಕೆಟ್ಟು, ಎದ್ದು ಹೋದ ಪ್ರಾಣಿಯೂ ಕೆಲವು ದಿನಗಳಲ್ಲಿ ಸಾಯಬಹುದು. ನೆರಳು ಮಾಡಿ, ದೂರ ಸರಿದು, ಅರಣ್ಯ ಇಲಾಖೆಗೆ ತಿಳಿಸಿ. ಒಂಟಿಯಾಗಿ ಮಲಗಿರುವ ಮರಿಯನ್ನು ಅನಾಥವೆಂದು ಮನೆಗೆ ತರುವವರಿಗೂ ಇದೇ ಮಾತು.

ಯಾದಗಿರಿಯ ಸದಸ್ಯ: ಹಿರಿಯರು ಹೇಳಿದ್ದು ಸುಳ್ಳೇ?

ವೈದ್ಯರು: ಅದು ಹಿರಿಯರು ಹೇಳಿದ್ದಲ್ಲ, ನಿಮ್ಮ ಫೋನ್ ಹೇಳಿದ್ದು.

ಚಿಂಚೋಳಿಯ ಶಿಕ್ಷಕಿ: ಚಿಂಚೋಳಿ ಅಭಯಾರಣ್ಯಕ್ಕೆ ಇವುಗಳನ್ನು ಸಾಗಿಸಿದರೆ ಉಳಿಯುತ್ತವೆಯೇ? ಜಿಂಕೆಗೆ ಕಾಡು ತಾನೇ ಮನೆ?

ವೈದ್ಯರು: ಚಿಗರಿ, ಅಂದರೆ ಕೃಷ್ಣಮೃಗ, ಜಿಂಕೆಯೇ ಅಲ್ಲ. ಜಿಂಕೆಯ ಕವಲುಗೊಂಬು ಉದುರಿ ಮತ್ತೆ ಬರುತ್ತದೆ, ಇದರ ತಿರುಚುಕೊಂಬು ಜೀವಮಾನವಿಡೀ ಇರುತ್ತದೆ. ದೂರದಿಂದಲೇ ಅಪಾಯ ಕಂಡು ಓಡಿ ಬದುಕುವ ಪ್ರಾಣಿಗೆ ಮರಗಳ ನಡುವೆ ಏನು ಕೆಲಸ?

ಔರಾದದ ಸದಸ್ಯ: ನೀವು ಕೇಳಿದಂತೆ ನೋಡಿ ಬಂದೆ. ಗೈರಾಣದ ಅರ್ಧಕ್ಕೂ ಹೆಚ್ಚು ಭಾಗವನ್ನು ಜಾಲಿ ಮುಚ್ಚಿದೆ. ಕೋಳಿ ಅಂಗಡಿಗಳ ಕಸ ಸುರಿಯುವ ತಗ್ಗಿನ ಬಳಿ 14 ನಾಯಿಗಳಿದ್ದವು. ಒಂದು ಪೊದೆಯ ಬುಡದಲ್ಲಿ ಬೆರಳುದ್ದದ ಎರಡು ಕರಿ ಗೊರಸುಗಳು, ಒಂದಿಷ್ಟು ಕಂದು ಕೂದಲು ಸಿಕ್ಕವು.

ವೈದ್ಯರು: ಅವನ್ನು ಎತ್ತಿಟ್ಟುಕೊಳ್ಳಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿಯ ಅವಶೇಷ ಮನೆಯಲ್ಲಿದ್ದರೆ ನಿಮಗೇ ತೊಂದರೆ. ಸ್ಥಳದ ಫೋಟೊ ತೆಗೆದು ಅರಣ್ಯ ಸಿಬ್ಬಂದಿಗೆ ತೋರಿಸಿ. ಕೋಳಿ ಕಸ ನಿಲ್ಲಿಸಲು ಪಂಚಾಯಿತಿಗೆ ಇವತ್ತೇ ಅರ್ಜಿ ಕೊಡಿ.

ಭಾಲ್ಕಿಯ ಸದಸ್ಯ: ವೈದ್ಯರೇ, ಚಿಗರಿ ಕಡಿಮೆಯಾಗಲು ಹವಾಮಾನ ಬದಲಾವಣೆಯೇ ಕಾರಣವೇ?

ವೈದ್ಯರು: ಮೇಲೆ ಓದಿ.

ಕಲಬುರಗಿಯ ಸದಸ್ಯೆ: ನಾಯಿಗಳ ಮೇಲೆ ತಪ್ಪು ಹೊರಿಸಿ ಮನುಷ್ಯರು ಪಾರಾಗುತ್ತಿದ್ದಾರೆ.

ಹುಮನಾಬಾದದ ರೈತ: ಹಾಗಾದರೆ ಆ ನಾಯಿಗಳನ್ನು ನಿಮ್ಮ ಬಡಾವಣೆಗೆ ಕರೆದೊಯ್ಯಿರಿ. ನನ್ನ ಪರಿಹಾರದ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.